ಎರಡು ಅಪ್‌ಡೇಟ್‌ಗಳ ನಡುವಿನ ದಿನಗಳಲ್ಲಿ ಆಟಗಾರರೊಡನೆ ಮಾತನಾಡುವ ಬಗೆ

ಕಾಸರಗೋಡಿನಂಥ ಊರಿನಲ್ಲಿ ಮೂರು ನಾಲ್ಕು ಮಂದಿ ಸೇರಿ ಮೊಬೈಲ್ ಗೇಮ್ ಮಾಡುವುದು ಇಂದು ಅಸಾಧ್ಯದ ಕೆಲಸವೇನಲ್ಲ. ನಿಜವಾದ ಕಷ್ಟ ಎದುರಾಗುವುದು ಬಿಡುಗಡೆಯ ನಂತರ, ಮೊದಲ ವಾರಗಳ ಉತ್ಸಾಹ ಇಳಿದು ಮುಂದಿನ ಅಪ್‌ಡೇಟ್ ಇನ್ನೂ ಸಿದ್ಧವಾಗದಿರುವ ತಿಂಗಳುಗಳಲ್ಲಿ. ಆ ಅವಧಿಯಲ್ಲಿ ಆಟಗಾರರಿಗೆ ಏನನ್ನು, ಯಾವಾಗ, ಹೇಗೆ ತಿಳಿಸಬೇಕೆಂಬುದನ್ನು ಇಂಥ ಸಣ್ಣ ತಂಡಗಳಿಗಾಗಿಯೇ ಇಲ್ಲಿ ವಿವರಿಸಿದ್ದೇನೆ. ಕೆಲಸ ಎಲ್ಲಿಗೆ ಮುಟ್ಟಿದೆ ಎಂಬುದನ್ನು ಇದ್ದಂತೆಯೇ ಹೇಳುವ ತಂಡಕ್ಕಾಗಿ ಜನ ತಡವಾದರೂ ಕಾಯುತ್ತಾರೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲಿಗೆ ಒಂದು ದಿನವನ್ನು ಗೊತ್ತುಮಾಡಿಕೊಳ್ಳಿ. ಪ್ರಾಗ್ ನಗರದ ವುಬೆ ಸಾಫ್ಟ್‌ವೇರ್ ತಂಡವು ತನ್ನ ‘ಫ್ಯಾಕ್ಟೋರಿಯೊ’ ಗೇಮ್‌ನ ಕೆಲಸದ ವಿವರಗಳನ್ನು 2013ರಿಂದ ‘ಫ್ರೈಡೇ ಫ್ಯಾಕ್ಟ್ಸ್’ ಎಂಬ ಹೆಸರಿನಲ್ಲಿ ಶುಕ್ರವಾರಗಳಂದು ಬರೆಯತೊಡಗಿತು. ರೈಲು ಹಳಿ ಜೋಡಿಸುವ ಕ್ರಮದಂಥ ಸಣ್ಣ ಸಂಗತಿಯನ್ನೂ ಬಿಡದೆ ವಿವರಿಸಿದ್ದರಿಂದ, ಹೊಸ ಆವೃತ್ತಿ ಬಾರದ ವಾರಗಳಲ್ಲಿಯೂ ಆಟಗಾರರಿಗೆ ಚರ್ಚಿಸಲು ವಿಷಯವಿರುತ್ತಿತ್ತು. ಬೇರೆ ಉದ್ಯೋಗದ ಜೊತೆಗೆ ಗೇಮ್ ಮಾಡುವವರಿಗೆ ಪ್ರತಿ ವಾರ ಬರೆಯುವುದು ಭಾರವಾದೀತು. ಹದಿನೈದು ದಿನಕ್ಕೊಮ್ಮೆ ಎಂದು ಇಟ್ಟುಕೊಂಡು ಅದನ್ನು ತಪ್ಪದೆ ಪಾಲಿಸಿದರೆ ಸಾಕು. ಬರೆಯುವ ಹೊಣೆ ಒಬ್ಬರಿಗೇ ಇರಲಿ. ಜೂನ್, ಜುಲೈ ತಿಂಗಳ ಮಳೆಯಲ್ಲಿ ಕರೆಂಟೂ ನೆಟ್ಟೂ ಒಟ್ಟಿಗೇ ಹೋಗುವುದುಂಟಾದ್ದರಿಂದ, ಸಂದೇಶವನ್ನು ಹಿಂದಿನ ದಿನವೇ ಬರೆದು ಮುಗಿಸುವುದು ಒಳ್ಳೆಯದು.

ಏನನ್ನು ಬರೆಯಬೇಕೆಂಬುದೇ ಹೆಚ್ಚಿನವರಿಗೆ ತಿಳಿಯದ ಭಾಗ. ನಮ್ಮ ಜಿಲ್ಲೆಯ ಪೈವಳಿಕೆಯ ಒಂದು ತಂಡ ಕಂಬಳದ ಗೇಮ್ ಮಾಡಿದೆ ಎಂದು ಇಟ್ಟುಕೊಳ್ಳೋಣ. ಕಂಬಳದ ಓಟದ ಹಗ್ಗ, ನೇಗಿಲು ವಿಭಾಗಗಳು ಗೇಮ್‌ನಲ್ಲಿ ಈಗಾಗಲೇ ಇವೆ. ಮುಂದಿನ ಅಪ್‌ಡೇಟ್‌ನಲ್ಲಿ ಕನೆಹಲಗೆ, ಅಂದರೆ ಓಟದಲ್ಲಿ ಚಿಮ್ಮುವ ನೀರು ಎತ್ತರದಲ್ಲಿ ಕಟ್ಟಿದ ನಿಶಾನೆಯನ್ನು ಮುಟ್ಟಬೇಕಾದ ವಿಭಾಗ, ಬರಬೇಕಾಗಿದೆ. ‘ಶೀಘ್ರದಲ್ಲೇ ಭರ್ಜರಿ ಅಪ್‌ಡೇಟ್, ಕಾಯುತ್ತಿರಿ’ ಎಂದು ಬರೆದರೆ ಓದಿದವರಿಗೆ ಏನೂ ತಿಳಿಯುವುದಿಲ್ಲ, ಎರಡನೆಯ ಸಲ ಅದೇ ಮಾತು ಬಂದಾಗ ಯಾರೂ ನಂಬುವುದೂ ಇಲ್ಲ. ಅದರ ಬದಲು ಹೀಗೆ ಬರೆಯಬಹುದು: ‘ಕನೆಹಲಗೆ ವಿಭಾಗದಲ್ಲಿ ಕೋಣಗಳ ಓಟದ ಕೆಲಸ ಮುಗಿದಿದೆ. ಚಿಮ್ಮಿದ ನೀರು ನಿಶಾನೆಗೆ ಮುಟ್ಟಿತೇ ಎಂದು ಲೆಕ್ಕಹಾಕುವ ಭಾಗವು 3 ಜಿಬಿ ರ್‍ಯಾಮ್‌ನ ಫೋನ್‌ಗಳಲ್ಲಿ ಗೇಮನ್ನು ನಿಧಾನಗೊಳಿಸುತ್ತಿದೆ. ನೀರಿನ ಹನಿಗಳ ಸಂಖ್ಯೆಯನ್ನು ಕಡಿಮೆ ಮಾಡಿ ನೋಡುತ್ತಿದ್ದೇವೆ. ಇದು ಸರಿಹೋಗುವವರೆಗೆ ದಿನಾಂಕ ಹೇಳಲಾರೆವು.’ ಜೊತೆಗೆ ನೀರು ಚಿಮ್ಮುವ ಹತ್ತು ಸೆಕೆಂಡಿನ ವಿಡಿಯೊ ಇದ್ದರೆ ಇನ್ನೂ ಚೆನ್ನ. ಈ ನಾಲ್ಕು ವಾಕ್ಯಗಳಲ್ಲಿ ಮುಗಿದದ್ದು, ಮುಗಿಯದಿರುವುದು, ಅದರ ಕಾರಣ ಮತ್ತು ತಂಡ ಈಗ ಮಾಡುತ್ತಿರುವ ಪ್ರಯತ್ನ ಎಲ್ಲವೂ ಇವೆ. ಕಂಬಳದ ಗದ್ದೆಯ ಬದಿಯಲ್ಲಿ ನಿಂತು ನೋಡಿ ಬೆಳೆದವರು ಆ ವಿಡಿಯೊ ನೋಡಿ ನೀರು ಏಳುವ ರೀತಿ ಸರಿಯಿಲ್ಲವೆಂದರೆ ಅದನ್ನು ಬರೆದಿಟ್ಟುಕೊಳ್ಳಿ. ಅಂಥ ಪರೀಕ್ಷಕರು ದುಡ್ಡು ಕೊಟ್ಟರೂ ಸಿಗುವುದಿಲ್ಲ. ಹೇಳಲು ಏನೂ ಇಲ್ಲದಿದ್ದರೆ, ಈ ಹದಿನೈದು ದಿನಗಳಲ್ಲಿ ನಮಗೆ ಕಾಲೇಜಿನ ಪರೀಕ್ಷೆ ಇತ್ತು, ಕೆಲಸ ಮುಂದೆ ಹೋಗಲಿಲ್ಲ ಎಂದು ಒಂದೇ ಸಾಲು ಬರೆಯಿರಿ.

ದಿನಾಂಕದ ವಿಷಯದಲ್ಲಿ ಮಾತ್ರ ಬಹಳ ಬಿಗಿಯಾಗಿರಬೇಕು. ‘ಸೈಬರ್‌ಪಂಕ್ 2077’ ಗೇಮ್‌ನ ತಯಾರಕರು 2020ರ ಅಕ್ಟೋಬರ್ ಆರಂಭದಲ್ಲಿ ಕೆಲಸ ಮುಗಿದು ಡಿಸ್ಕ್ ಅಚ್ಚಿಗೆ ಸಿದ್ಧವಾಗಿದೆ ಎಂದು ಪ್ರಕಟಿಸಿ, ಅದೇ ತಿಂಗಳ ಕೊನೆಯಲ್ಲಿ ಬಿಡುಗಡೆಯನ್ನು ಡಿಸೆಂಬರ್ 10ಕ್ಕೆ ಮುಂದೂಡಿದಾಗ ಕಾಯುತ್ತಿದ್ದವರ ಸಿಟ್ಟು ಇಮ್ಮಡಿಯಾಯಿತು. ಇನ್ನೊಂದು ಕಡೆ, ಆಸ್ಟ್ರೇಲಿಯಾದ ಟೀಮ್ ಚೆರಿ ‘ಸಿಲ್ಕ್‌ಸಾಂಗ್’ ಗೇಮನ್ನು 2019ರಲ್ಲಿ ಘೋಷಿಸಿ, 2025ರ ಸೆಪ್ಟೆಂಬರ್ 4ರ ಬಿಡುಗಡೆಯ ದಿನಾಂಕವನ್ನು ಎರಡು ವಾರ ಮೊದಲಷ್ಟೇ ತಿಳಿಸಿತು. ಖಚಿತವಾದ ಮೇಲೆ ಹೇಳಿದ ಆ ದಿನಾಂಕ ತಪ್ಪಲಿಲ್ಲ ಎಂಬುದು ಕಲಿಯಬೇಕಾದ ಅಂಶ; ನಡುವೆ ದೀರ್ಘಕಾಲ ಸುಮ್ಮನಿದ್ದದ್ದನ್ನು ಅನುಕರಿಸುವುದು ಬೇಡ. ‘ನೋ ಮ್ಯಾನ್ಸ್ ಸ್ಕೈ’ 2016ರ ಆಗಸ್ಟ್‌ನಲ್ಲಿ ಬಂದಾಗ ಹೇಳಿದ್ದೆಲ್ಲ ಅದರಲ್ಲಿಲ್ಲವೆಂದು ಆಟಗಾರರು ಕೆರಳಿದ್ದರು. ತಯಾರಕರು ನವೆಂಬರ್‌ನವರೆಗೆ ಹೆಚ್ಚುಕಡಿಮೆ ಮೌನವಾಗಿದ್ದು, ನಂತರ ಉಚಿತ ಅಪ್‌ಡೇಟ್‌ಗಳ ಮೂಲಕ ಹೆಸರನ್ನು ಮರಳಿ ಪಡೆದರು. ಹೆಸರಿಲ್ಲದ ಸಣ್ಣ ತಂಡ ಅಷ್ಟು ಕಾಲ ಸುಮ್ಮನಿದ್ದರೆ ಆಟಗಾರರು ಸಿಟ್ಟುಗೊಳ್ಳುವುದೂ ಇಲ್ಲ, ಮರೆತೇಬಿಡುತ್ತಾರೆ.

ಪ್ಲೇ ಸ್ಟೋರ್‌ಗೆ ಕಳುಹಿಸಿದ ಹೊಸ ವರ್ಷನ್‌ನ ಪರಿಶೀಲನೆಗೆ ಏಳು ದಿನ, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು ಸಮಯ ಹಿಡಿಯಬಹುದು. ಆದ್ದರಿಂದ ತಯಾರಕರು ಗೇಮನ್ನು ನಿರ್ವಹಿಸುವ ಪುಟವಾದ ಪ್ಲೇ ಕನ್ಸೋಲ್‌ನಲ್ಲಿ, ಒಪ್ಪಿಗೆ ಬಂದರೂ ನೀವು ಹೇಳುವವರೆಗೆ ಬಿಡುಗಡೆಯನ್ನು ತಡೆದಿಡುವ ‘ಮ್ಯಾನೇಜ್ಡ್ ಪಬ್ಲಿಷಿಂಗ್’ ಆನ್ ಮಾಡಿಟ್ಟು, ಒಪ್ಪಿಗೆ ಬಂದ ಮೇಲೆ ದಿನಾಂಕ ಪ್ರಕಟಿಸಿ, ಆ ದಿನ ನೀವೇ ಬಿಡುಗಡೆ ಮಾಡಿ. ಸಮಯ ಹೇಳುವಾಗ ‘ಭಾರತೀಯ ಕಾಲಮಾನ’ ಎಂದು ಸೇರಿಸುವುದನ್ನು ಮರೆಯಬೇಡಿ. ನಮ್ಮ ಜಿಲ್ಲೆಯ ಗೇಮ್‌ಗೆ ದುಬೈಯಲ್ಲಿಯೂ ಶಾರ್ಜಾದಲ್ಲಿಯೂ ಆಟಗಾರರಿರುತ್ತಾರೆ, ಇಲ್ಲಿಯ ಸಂಜೆ 6 ಗಂಟೆ ಅಲ್ಲಿ ಇನ್ನೂ 4.30.

ಯೋಜನೆ ಬದಲಾದರೆ ಕಾರಣಸಹಿತ ಹೇಳಿ. 2018ರ ‘ಅಮಾಂಗ್ ಅಸ್’ 2020ರಲ್ಲಿ ಒಮ್ಮೆಲೇ ಜನಪ್ರಿಯವಾದಾಗ ಅದರ ತಂಡ ಎರಡನೆಯ ಭಾಗವನ್ನು ಘೋಷಿಸಿತ್ತು. ಕೆಲವೇ ವಾರಗಳಲ್ಲಿ ಅದನ್ನು ಕೈಬಿಟ್ಟು, ಅದಕ್ಕೆಂದು ಯೋಚಿಸಿದ್ದನ್ನೆಲ್ಲ ಮೊದಲ ಗೇಮ್‌ಗೇ ಸೇರಿಸುವುದಾಗಿಯೂ ಹಳೆಯ ಕೋಡ್‌ನ ಬುಡವನ್ನೇ ತಿದ್ದಬೇಕಾಗಿರುವುದರಿಂದ ಅದು ಕಷ್ಟದ ಕೆಲಸವೆಂದೂ ತಿಳಿಸಿತು. ರದ್ದಾದದ್ದರ ಬದಲಿಗೆ ಏನು ಸಿಗುತ್ತದೆ ಎಂಬುದು ಅದೇ ಪ್ರಕಟಣೆಯಲ್ಲಿತ್ತು.

ದೂರುಗಳಿಗೆ ಉತ್ತರಿಸುವುದೂ ಇದೇ ಸಂವಾದದ ಭಾಗ. ಪ್ಲೇ ಸ್ಟೋರ್ ರಿವ್ಯೂಗೆ 350 ಅಕ್ಷರಗಳೊಳಗೆ ಉತ್ತರಿಸಬೇಕಾಗಿರುವುದರಿಂದ ಕ್ಷಮಾಪಣೆಯ ಉದ್ದನೆಯ ಸಾಲುಗಳಿಗೆ ಅಲ್ಲಿ ಜಾಗವಿಲ್ಲ. ‘ಆಡಿದ್ದೆಲ್ಲ ಹೋಯಿತು’ ಎಂದು ಒಬ್ಬರು ಬರೆದರೆ ಫೋನ್ ಯಾವುದು, ಆಂಡ್ರಾಯ್ಡ್ ವರ್ಷನ್ ಎಷ್ಟು, ಹೋಗುವ ಮುಂಚೆ ಏನು ಮಾಡುತ್ತಿದ್ದಿರಿ ಎಂಬ ಮೂರನ್ನು ಕೇಳಿ, ಇಮೇಲ್ ವಿಳಾಸ ಕೊಡಿ. ನಮ್ಮಲ್ಲಿ ರಿವ್ಯೂಗಳು ಕನ್ನಡದಲ್ಲಿ, ಮಲಯಾಳದಲ್ಲಿ, ಕನ್ನಡ ಲಿಪಿಯ ತುಳುವಿನಲ್ಲಿ, ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ ಬರುತ್ತವೆ. ಬರೆದವರ ಭಾಷೆಯಲ್ಲಿಯೇ, ಅದನ್ನು ಬಲ್ಲ ತಂಡದವರಿಂದಲೇ ಉತ್ತರ ಹೋಗಲಿ. ಮಲಯಾಳದಲ್ಲಿ ಕೇಳಿದವರಿಗೆ ಯಂತ್ರಾನುವಾದದ ಉತ್ತರ ಕಳುಹಿಸುವುದಕ್ಕಿಂತ ಅಕ್ಕಪಕ್ಕದ ಮನೆಯವರನ್ನು ಕೇಳಿ ಎರಡು ಸಾಲು ಸರಿಯಾಗಿ ಬರೆಯುವುದು ಕಾಸರಗೋಡಿನಲ್ಲಿ ಕಷ್ಟವೇನಲ್ಲ.

ಅಪ್‌ಡೇಟ್ ಹೊರಬರುವ ದಿನದ ಸಂದೇಶದಲ್ಲಿ ಆಟಗಾರರು ತೋರಿಸಿಕೊಟ್ಟ, ನೀವು ಸರಿಪಡಿಸಿದ ದೋಷಗಳನ್ನು ಮೊದಲು ಪಟ್ಟಿಮಾಡಿ, ಒಪ್ಪಿಗೆ ಕೊಟ್ಟವರ ಆಟದ ಹೆಸರನ್ನು ಎದುರಿಗೆ ಬರೆಯಿರಿ. ಮೊದಲು ನೂರಕ್ಕೆ ಹತ್ತು ಮಂದಿಗೆ ಮಾತ್ರ ಬಿಡುತ್ತಿದ್ದರೆ ಅದನ್ನು ಸ್ಪಷ್ಟವಾಗಿ ಹೇಳಿ. ಇಲ್ಲವಾದರೆ ‘ಗೆಳೆಯನಿಗೆ ಬಂದಿದೆ, ನನಗೆ ಬಂದಿಲ್ಲ’ ಎಂಬ ಪ್ರಶ್ನೆಗಳಿಗೆ ಉತ್ತರಿಸುವುದರಲ್ಲಿಯೇ ಆ ಸಂಜೆ ಕಳೆಯುತ್ತದೆ, ನಿಜವಾದ ಬಗ್ ವರದಿಗಳು ಅವುಗಳ ಅಡಿಯಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ.