ಬಾಕಿ ಬಿಲ್ಲಿಗೆ ಬಡ್ಡಿ ಸಮೇತ ಹಣ ಬಂದದ್ದು ಹೀಗೆ

ಕಂಪನಿಯೊಂದಕ್ಕೆ ಯಂತ್ರಗಳ ಸರ್ವಿಸ್ ಮಾಡಿ ಬಿಲ್ ಕೊಟ್ಟಿದ್ದೆ. ತಿಂಗಳುಗಟ್ಟಲೆ ಹಣ ಬರಲಿಲ್ಲ. ಫೋನ್, ವಾಟ್ಸಾಪ್, ಆಫೀಸಿಗೆ ಅಲೆದಾಟ, ಯಾವುದಕ್ಕೂ ಜಗ್ಗಲಿಲ್ಲ. ಬಿಲ್ಲಿನ ಕೆಳಗೆ 'ತಡವಾದರೆ 2% ಬಡ್ಡಿ' ಎಂದು ಅಚ್ಚಾಗಿತ್ತು. 'ಒಪ್ಪಂದದಲ್ಲಿ ಇಲ್ವಲ್ಲ' ಅಂದರು.

ಕೆಲಸಕ್ಕೆ ಬಂದದ್ದು ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿಗೆ ಇರುವ 2006ರ ಎಂಎಸ್‌ಎಂಇಡಿ ಕಾಯ್ದೆ. ತಡವಾದ ಹಣದ ವಿಚಾರದಲ್ಲಿ ಇದರ ರಕ್ಷಣೆ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಮಾತ್ರ. ಉದ್ಯಮ್ ನೋಂದಣಿ (ಇಂಥ ಉದ್ಯಮಗಳಿಗೆ ಸರ್ಕಾರದ ನೋಂದಣಿ) ಕೆಲಸಕ್ಕೆ ಮೊದಲೇ ಇರಲಿ, ಆಮೇಲೆ ಮಾಡಿಸಿದರೆ ಹಳೇ ಬಿಲ್ಲಿಗೆ ತಕರಾರು ಬರುತ್ತದೆ. ನೋಂದಣಿ ಉಚಿತ, ಸುಮ್ನೆ ಏಜೆಂಟರಿಗೆ ದುಡ್ಡು ಕೊಡಬೇಡಿ.

ಸೆಕ್ಷನ್ 15ರ ಪ್ರಕಾರ, ಒಪ್ಪಂದದಲ್ಲಿ ಏನೇ ಇರಲಿ, ಹಣ ಕೊಡುವ ಗಡುವು 45 ದಿನ ಮೀರುವಂತಿಲ್ಲ. ಗಡುವೇ ಬರೆದಿಲ್ಲದಿದ್ದರೆ 15 ದಿನ. ಮೀರಿದರೆ ಸೆಕ್ಷನ್ 16ರಂತೆ ಆರ್‌ಬಿಐ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ರೆಪೋ ದರ ಹಿಡಿಯಬೇಡಿ, ಅದು ಬೇರೆ.

ಕಂಪನಿಗೆ ಕಳಿಸಿದ ನೋಟಿಸಿನಲ್ಲಿ ಈ ಕ್ರಮ ಇಟ್ಟೆ: ಉದ್ಯಮ್ ನಂಬರ್, ಬಿಲ್ ನಂಬರ್, ಅವರು ಕೆಲಸ ಒಪ್ಪಿಕೊಂಡ ದಿನಾಂಕ, ಗಡುವು ಮುಗಿದ ದಿನ, ತಿಂಗಳುವಾರು ಬಡ್ಡಿ ಲೆಕ್ಕ. ಜೊತೆಗೆ ಅವರ ಸೂಪರ್‌ವೈಸರ್ ಸಹಿ ಹಾಕಿದ ಸರ್ವಿಸ್ ರಿಪೋರ್ಟ್. ಈ ಸಹಿಯೇ ಎಲ್ಲಕ್ಕಿಂತ ಮುಖ್ಯ. ಕೆಲಸ ಮುಗಿದ 15 ದಿನದೊಳಗೆ ಲಿಖಿತ ಆಕ್ಷೇಪ ಬರದಿದ್ದರೆ, ಕೆಲಸ ಮುಗಿಸಿಕೊಟ್ಟ ದಿನವೇ ಅವರು ಒಪ್ಪಿದಂತೆ.

ಉತ್ತರ ಬರಲಿಲ್ಲ. ಸೆಕ್ಷನ್ 18ರಡಿ, ಬಾಕಿ ಹಣದ ತಕರಾರು ಬಗೆಹರಿಸುವ ಸರ್ಕಾರಿ ಮಂಡಳಿಯಾದ ಫೆಸಿಲಿಟೇಶನ್ ಕೌನ್ಸಿಲ್‌ಗೆ ಅರ್ಜಿ ಹಾಕಿದೆ. ರಾಜಿ ಹಂತದಲ್ಲೇ ಅಸಲು, ಬಡ್ಡಿ ಎರಡೂ ಬಂತು.