ಬಸವಣ್ಣನವರಿಗೆ ಕಲ್ಲಿನ ಸಾಕ್ಷಿ: ನಾನು ಪರಿಶೀಲಿಸುವ ಬಗೆ

ಬಸವಣ್ಣನವರ ಕಾಲದ ಬರಹ ಏನಿದೆ ಎಂದು ಕೇಳಿದವರಿಗೆ ನಾನು ಮೊದಲು ಹೇಳುವುದು ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡ ಶಾಸನವನ್ನು. ಅದು ದೇವಗಿರಿಯ ಸೇವುಣ ಅರಸ ಕನ್ನರನ ಆಳ್ವಿಕೆಯದು, ಶಕ 1182, ಅಂದರೆ ಕ್ರಿ.ಶ. 1260. ಬಸವಣ್ಣನವರ ಕಾಲದ ಕಲ್ಯಾಣದ ಅರಸ ಬಿಜ್ಜಳನ ಆಳ್ವಿಕೆ ಮುಗಿದದ್ದು 1167ರ ಸುಮಾರಿಗೆ. ಹಾಗಾಗಿ ಇದನ್ನು ಸಮಕಾಲೀನ ಎನ್ನಲಾಗದು; ಮೂರು ತಲೆಮಾರು ಆಚೆಯದು. ಆದರೂ ನನ್ನ ಲೆಕ್ಕದಲ್ಲಿ ಇದರ ತೂಕ ದೊಡ್ಡದು. ತರ್ದವಾಡಿ ನಾಡಿನ ಬಾಗವಾಡಿ (ಇಂದಿನ ಬಸವನ ಬಾಗೇವಾಡಿ), ತಂದೆ ಮಾದಿರಾಜ, ಮಗ ಬಸವರಾಜ: ಮೂರೂ ಇಲ್ಲಿ ಒಟ್ಟಿಗೇ ಬರುತ್ತವೆ.

ಈ ಒಟ್ಟಿಗೆ ಬರುವುದೇ ಮುಖ್ಯ. ಬಸವ, ಬಸವಯ್ಯ, ಬಸವರಸ ಎಂಬ ಹೆಸರುಗಳು ಶಾಸನಗಳಲ್ಲಿ ಬೇಕಾದಷ್ಟಿವೆ. ಬರೀ ಹೆಸರು ಸಿಕ್ಕ ಮಾತ್ರಕ್ಕೆ ಅದನ್ನು ಕಲ್ಯಾಣದ ಬಸವಣ್ಣನವರಿಗೆ ಕಟ್ಟಬಾರದು. ಊರು, ತಂದೆ, ಹುದ್ದೆ, ಆಳುವ ಅರಸ, ಇವುಗಳಲ್ಲಿ ಹೆಸರಿನ ಜೊತೆ ಕನಿಷ್ಠ ಎರಡಾದರೂ ಕೂಡಿಬರಬೇಕು ಎಂಬುದು ನಾನು ಇಟ್ಟುಕೊಂಡ ಕಟ್ಟು.

ಅಚ್ಚಾದ ಪಾಠ ಸಂದೇಹ ಹುಟ್ಟಿಸಿದರೆ ಕಲ್ಲಿನ ಬಳಿಗೇ ಹೋಗಬೇಕು. ಅನುಮತಿ ಪಡೆದು ನೀರು ಮತ್ತು ಮೆತ್ತನೆಯ ನಾರಿನ ಬ್ರಷ್‌ನಿಂದ ಎಣ್ಣೆ, ಕುಂಕುಮ, ಸುಣ್ಣ ಬಿಡಿಸುತ್ತೇನೆ. ತಂತಿ ಬ್ರಷ್ ಸುತರಾಂ ಬೇಡ, ಅಕ್ಷರದ ಅಂಚೇ ಹೋಗುತ್ತದೆ. ಅಕ್ಷರಗಳ ಅಚ್ಚು ತೆಗೆಯಲು ಕಲ್ಲಿನ ಮೇಲೆ ಒದ್ದೆ ಕಾಗದ ಹಾಸಿ, ನಡುವಿನಿಂದ ಅಂಚಿನತ್ತ ಬ್ರಷ್‌ನಿಂದ ತಟ್ಟಿ ಅಕ್ಷರದ ಗುಳಿಗೆ ಇಳಿಸುತ್ತೇನೆ. ಗಾಳಿ ಉಳಿದ ಕಡೆ ಅಕ್ಷರ ಮೂಡುವುದಿಲ್ಲ. ಕಾಗದ ಅರೆ ಒಣಗಿದ ಮೇಲೆ ಮಸಿಯುಂಡೆ ಒತ್ತಬೇಕು. ಹಸಿಯಿರುವಾಗಲೇ ಒತ್ತಿದರೆ ಮಸಿ ಗುಳಿಯೊಳಗೂ ಹರಡಿ ಮ ಯಾವುದು, ವ ಯಾವುದು ಎಂಬುದೇ ತಿಳಿಯದು. ಸವೆದ ಸಾಲುಗಳಿಗೆ ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಮೈಗೆ ಓರೆಯಾಗಿ ಹಿಡಿದು ನಾಲ್ಕೂ ದಿಕ್ಕಿನಿಂದ ಫೋಟೊ ತೆಗೆಯುವುದು ಒಳ್ಳೆಯದು. ಸೀಮೆಸುಣ್ಣ ತುಂಬಿ ಓದುವುದನ್ನು ನಾನು ಕಟ್ಟುನಿಟ್ಟಾಗಿ ವಿರೋಧಿಸುತ್ತೇನೆ. ತುಂಬುವ ಕೈ ತನಗೆ ಬೇಕಾದ ಹೆಸರನ್ನೇ ತುಂಬುತ್ತದೆ, ಆಮೇಲೆ ಫೋಟೊ ನೋಡಿದವರಿಗೂ ಅದೇ ಕಾಣುತ್ತದೆ.

ಕಾಲಕ್ಕೆ ಲಿಪಿಯೊಂದನ್ನೇ ನಂಬಬಾರದು. ಅದರಿಂದ ಅಂದಾಜು ಸಿಗುತ್ತದೆ, ವರ್ಷ ಸಿಗುವುದಿಲ್ಲ. ಶಕವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿದರೆ ಉಳಿಯುವ ಶೇಷವೇ ಸಂವತ್ಸರದ ಸಂಖ್ಯೆ. 1182ಕ್ಕೆ 12 ಸೇರಿ 1194, ಶೇಷ 54, ಅಂದರೆ ರೌದ್ರಿ. ಕಲ್ಲಿನಲ್ಲಿರುವ ಸಂವತ್ಸರ ಒಂದು ಹಿಂದಿನದಾದರೆ ಗಾಬರಿ ಬೇಡ, ಬರೆದವನು ಗತವರ್ಷದ (ಕಳೆದು ಮುಗಿದ ವರ್ಷದ) ಬದಲು ವರ್ತಮಾನ ವರ್ಷ (ನಡೆಯುತ್ತಿರುವ ವರ್ಷ) ಎಣಿಸಿರಬಹುದು. ತಿಥಿ, ವಾರ ಎರಡೂ ಪಂಚಾಂಗದ ಗಣಿತಕ್ಕೆ ಹೊಂದದಿದ್ದರೆ ಮಾತ್ರ ಪಾಠವನ್ನೋ ಕಲ್ಲನ್ನೋ ಅನುಮಾನಿಸುತ್ತೇನೆ.

ಮೌನವನ್ನು ಓದುವುದು ಇನ್ನೂ ಕಷ್ಟ. ಅಬಲೂರಿನ ಶಾಸನ ಸುಮಾರು 1200ರದು. ಅದರಲ್ಲಿ ಶಿವಭಕ್ತ ಏಕಾಂತದ ರಾಮಯ್ಯನಿದ್ದಾನೆ, ಬಿಜ್ಜಳನಿದ್ದಾನೆ, ಬಸವಣ್ಣನವರಿಲ್ಲ. ಅದನ್ನು ಪ್ರಕಟಿಸಿದ ಶಾಸನತಜ್ಞ ಫ್ಲೀಟ್ ಬಸವಣ್ಣನವರ ಪಾತ್ರವನ್ನೇ ಸಂದೇಹಿಸಿದ. ಆದರೆ ಶಾಸನ ಹುಟ್ಟುವುದು ಹೆಚ್ಚಾಗಿ ದಾನ ದಾಖಲಿಸಲು. ಆ ದಾನಕ್ಕೆ ಸಂಬಂಧವಿಲ್ಲದವರ ಹೆಸರು ಅಲ್ಲಿ ಬರಬೇಕೆಂದೇನಿಲ್ಲ. ದೇಗುಲ ಕಟ್ಟಿಸಿ ದತ್ತಿ ಬಿಡುವ ದಾರಿಯಿಂದ ದೂರ ನಿಂತ ಶರಣರ ವಿಷಯದಲ್ಲಂತೂ ಈ ಮಾತನ್ನು ನೆನಪಿಡಲೇಬೇಕು.

ಹಾಗಂತ ಅರ್ಜುನವಾಡವನ್ನು ಕಣ್ಣುಮುಚ್ಚಿ ಒಪ್ಪುವುದೂ ಸಲ್ಲ. ಅಲ್ಲಿ ಹೊಗಳಿಕೆಗೆ ಕಾರಣವಿದೆ: ಶಾಸನದಲ್ಲಿ ಬರುವ ಹಾಲಬಸವಿದೇವ ಬಸವಣ್ಣನವರ ವಂಶದವನೇ. ಮಹಿಮೆಯ ಮಾತುಗಳನ್ನು ಬದಿಗಿಟ್ಟು ಊರು, ತಂದೆಯ ಹೆಸರುಗಳನ್ನು ಮಾತ್ರ ಉಳಿಸಿಕೊಳ್ಳುತ್ತೇನೆ. ಕವಿ ಹರಿಹರ ಬಸವಣ್ಣನವರನ್ನು ಕುರಿತು ಬರೆದ ರಗಳೆಯಲ್ಲೂ ಬಾಗೇವಾಡಿ, ಮಾದಿರಾಜ ಬರುತ್ತಾರೆ. ಕಾವ್ಯ ಪ್ರತಿಯಿಂದ ಪ್ರತಿಗೆ ನಕಲಾಗಿ ನಮಗೆ ತಲುಪಿದೆ, ನಡುವೆ ಯಾರಾದರೂ ತಿದ್ದಿರಲು ಸಾಧ್ಯ. ಕಲ್ಲಿಗೆ ಆ ಭಯ ಕಡಿಮೆ. ಎರಡೂ ಒಂದೇ ಹೆಸರು ಹೇಳುವ ಜಾಗದಲ್ಲಿ ನಾನು ಧೈರ್ಯವಾಗಿ ‘ಇದ್ದರು’ ಎನ್ನುತ್ತೇನೆ.