ಕೇಕ್ ಬಿಟ್ಟು ಫ್ಲಾಸ್ಕ್ ಹಿಡಿದ ಡಿಸೆಂಬರ್

ಆ ವರ್ಷ ಡಿಸೆಂಬರ್ 23ರ ಸಂಜೆ ನಾವು ಹನ್ನೆರಡು ಜನ ದಾವಣಗೆರೆಯ ಒಂದು ಆಸ್ಪತ್ರೆಗೆ ಕೇಕ್ ತೆಗೆದುಕೊಂಡು ಹೋದೆವು. ಇನ್ನೂರು ಪೀಸ್. ಹಿಂದಿನ ರಾತ್ರಿ ಹನ್ನೊಂದರವರೆಗೆ ಕೂತು ಒಂದೊಂದನ್ನೂ ಕಾಗದದಲ್ಲಿ ಸುತ್ತಿದ್ದೆವು. ವಾರ್ಡಿನ ಬಾಗಿಲಲ್ಲೇ ನರ್ಸಮ್ಮ ತಡೆದರು. "ಇಲ್ಲಿ ಶುಗರ್ ಇರೋರು ಎಷ್ಟು ಜನ ಗೊತ್ತಾ? ಬೆಳಗ್ಗೆ ಆಪರೇಷನ್ ಆದೋರೂ ಇದಾರೆ. ಯಾರನ್ನ ಕೇಳಿ ತಂದ್ರಿ?" ಅಂದರು.

ಯಾರನ್ನೂ ಕೇಳಿರಲಿಲ್ಲ. ಅವರು ಹೇಳಿದ್ದು ನೂರಕ್ಕೆ ನೂರು ಸರಿ. ವಾಪಸ್ ಬರುವಾಗ ಕಾರಿಡಾರ್‌ನಲ್ಲಿ ರೋಗಿಗಳ ಕಡೆಯವರು ಸಾಲಾಗಿ ಮಲಗಿದ್ದರು. ಹರಪನಹಳ್ಳಿ, ಜಗಳೂರು, ಹೊನ್ನಾಳಿ ಕಡೆಯಿಂದ ಬಂದವರು. ಅವರಿಗಾದರೂ ಕೊಡೋಣ ಅಂತ ಒಬ್ಬ ಅಜ್ಜಿ ಪಕ್ಕ ಕೂತೆ. ಅಜ್ಜಿ ಕೇಕ್ ತಗೊಂಡು ಸೆರಗಿನಲ್ಲಿ ಕಟ್ಟಿಕೊಂಡರು, ಮೊಮ್ಮಗಳಿಗೆ ಅಂತ. ಆಮೇಲೆ, "ಸ್ವಲ್ಪ ಬಿಸಿನೀರು ಎಲ್ಲಿ ಸಿಗುತ್ತೆ ಕಣಮ್ಮ? ರಾತ್ರಿ ಹೋಟ್ಲು ಮುಚ್ಚಿದ ಮೇಲೆ ಎಲ್ಲೂ ಸಿಗಲ್ಲ. ಸೊಸೆಗೆ ಬಾಣಂತನ," ಅಂದರು.

ನನ್ನ ಕೈಲಿ ಇನ್ನೂರು ಪೀಸ್ ಕೇಕ್ ಇತ್ತು. ಒಂದು ಲೋಟ ಬಿಸಿನೀರು ಇರಲಿಲ್ಲ.

ನಮ್ಮದು ಸಣ್ಣ ಬ್ಯಾಪ್ಟಿಸ್ಟ್ ಸಭೆ, ಅಂದರೆ ಕ್ರೈಸ್ತರ ಒಂದು ಪಂಗಡದ ಚರ್ಚ್, ಸುಮಾರು 60 ಮನೆ. ನಾನು ಸಂಡೇ ಸ್ಕೂಲ್ ಟೀಚರ್, ಜೊತೆಗೆ ಸ್ತ್ರೀಯರ ಕೂಟದ ಕಾರ್ಯದರ್ಶಿ. ಕ್ರಿಸ್‌ಮಸ್ ಕೆಲಸಗಳ ಹೊಣೆ ಹಲವು ವರ್ಷಗಳಿಂದ ನನ್ನ ಹೆಗಲ ಮೇಲಿದೆ. ಕ್ಯಾರಲ್ಸ್ (ಮನೆಮನೆಗೆ ಹೋಗಿ ಕ್ರಿಸ್‌ಮಸ್ ಹಾಡು ಹಾಡುವುದು), ಮಕ್ಕಳ ನಾಟಕ, ಬಡವರಿಗೆ ಹೊದಿಕೆ, ಕೇಕ್ ಹಂಚುವುದು ಎಲ್ಲವೂ ಹಿಂದಿನಿಂದ ಬಂದ ಹಾಗೇ ನಡೆಯುತ್ತಿದ್ದವು. ಆ ಅಜ್ಜಿ ಸಿಕ್ಕ ಮೇಲೆ ಒಂದೊಂದಾಗಿ ಬದಲಾದವು. ಹೇಗೆ ಅಂತ ಬರೆಯುತ್ತಿದ್ದೇನೆ. ಬೇರೆ ಊರಿನ ಸಭೆಗಳವರು, ಅಥವಾ ಯಾವುದೇ ಸಂಘದವರು ಇಂಥ ಕೆಲಸ ಮಾಡುವವರಿದ್ದರೆ ಉಪಯೋಗಕ್ಕೆ ಬರಬಹುದು.

ಜನವರಿಯಲ್ಲಿ ಸದಸ್ಯರ ಸಭೆ ಕರೆದೆವು. ನಮ್ಮಲ್ಲಿ ಬಿಷಪ್ ಅಂತ ಇರುವುದಿಲ್ಲ. ಪ್ರತಿ ಸ್ಥಳೀಯ ಸಭೆಯೂ ತನ್ನ ತೀರ್ಮಾನ ತಾನೇ ಮಾಡುತ್ತದೆ, ಸದಸ್ಯರು ಕೈ ಎತ್ತಿ ಒಪ್ಪಬೇಕು. ಹಾಗಾಗಿ ಮಾತು ಉದ್ದವಾಯಿತು, ಮೂರು ಗಂಟೆ ಹಿಡಿಯಿತು. "ಕೇಕ್ ಇಲ್ಲದ ಕ್ರಿಸ್‌ಮಸ್ಸಾ?" ಅಂತ ಹಿರಿಯರು ಬೇಜಾರು ಮಾಡಿಕೊಂಡರು. ಕೊನೆಗೆ ಎರಡು ವಿಷಯ ಗಟ್ಟಿಯಾದವು. ಒಂದು, ಏನು ಬೇಕು ಅಂತ ಕೇಳದೆ ಏನನ್ನೂ ಕೊಡುವುದಿಲ್ಲ. ಎರಡು, ಕೊಡುವುದರ ಜೊತೆ ಕರಪತ್ರ ಇಲ್ಲ, ಪ್ರಾರ್ಥನೆಗೆ ಬನ್ನಿ ಅನ್ನುವ ಮಾತೂ ಇಲ್ಲ.

ಎರಡನೆಯದಕ್ಕೆ ಜಾಸ್ತಿ ಚರ್ಚೆ ಆಯಿತು. ಆಗ ನಮ್ಮ ಅಯ್ನೋರು, ಅಂದರೆ ಸಭಾಪಾಲಕರು, ಹೇಳಿದ ಮಾತು ನನಗೆ ಇಂದಿಗೂ ಸರಿ ಅನ್ನಿಸುತ್ತದೆ. ಬ್ಯಾಪ್ಟಿಸ್ಟರು ಹಸುಗೂಸಿಗೆ ದೀಕ್ಷಾಸ್ನಾನ ಕೊಡುವುದಿಲ್ಲ. ತಿಳಿವಳಿಕೆ ಬಂದ ಮೇಲೆ, ತಾನಾಗಿ ನಂಬಿ ಕೇಳಿಕೊಂಡವರನ್ನು ಮಾತ್ರ ನೀರಿನಲ್ಲಿ ಪೂರ್ತಿ ಮುಳುಗಿಸಿ ಕೊಡುತ್ತೇವೆ. "ನಮ್ಮ ಹೊಟ್ಟೇಲಿ ಹುಟ್ಟಿದ ಮಗುವಿನ ಪರವಾಗಿಯೇ ನಾವು ತೀರ್ಮಾನ ಮಾಡಲ್ಲ. ಚಳೀಲಿ ನಡುಗ್ತಾ ಇರೋ ಮನುಷ್ಯನಿಗೆ ಒಂದು ಕೈಲಿ ಕಂಬಳಿ, ಇನ್ನೊಂದು ಕೈಲಿ ಕರಪತ್ರ ಹಿಡಿದರೆ ಅವನು ಬೇಡ ಅನ್ನೋದು ಹೇಗೆ?" ಅಂದರು. ಕೈಗಳು ಎದ್ದವು. ಯಾರಾದರೂ ತಾವಾಗಿ ಕೇಳಿದರೆ ಯೇಸುಸ್ವಾಮಿ ಬಗ್ಗೆ ಖುಷಿಯಿಂದ ಹೇಳುತ್ತೇವೆ. ಅದು ಬೇರೆ ವಿಷಯ.

ಈಗ ನಮ್ಮ ಕ್ರಿಸ್‌ಮಸ್ ಕೆಲಸ ನವೆಂಬರ್ 1ಕ್ಕೆ ಶುರುವಾಗುತ್ತದೆ, ಹಿಡಿ ಅಕ್ಕಿಯಿಂದ. ಮಿಜೋರಾಂನ ಸಭೆಗಳಲ್ಲಿ ಹೆಂಗಸರು ಅಡುಗೆಗೆ ಅಕ್ಕಿ ಅಳೆಯುವಾಗ ಪ್ರತಿ ಸಲ ಒಂದು ಹಿಡಿ ತೆಗೆದಿಡುವ ಪದ್ಧತಿ ನೂರು ವರ್ಷಕ್ಕೂ ಮೇಲಿನದು. ಅದನ್ನೇ ನಾವೂ ಹಿಡಿದೆವು. ದಿನಕ್ಕೊಂದು ಹಿಡಿ, ಡಿಸೆಂಬರ್ 20ರವರೆಗೆ 50 ದಿನ. ಹಿಡಿಗೆ 50 ಗ್ರಾಂ ಅಂದುಕೊಂಡರೂ ಮನೆಗೆ ಎರಡೂವರೆ ಕೆಜಿ ಆಗುತ್ತದೆ. ಎಲ್ಲಾ 60 ಮನೆಯವರೂ ಹಾಕಿದರೆ ಒಂದೂವರೆ ಕ್ವಿಂಟಲ್. ಎಲ್ಲರೂ ಹಾಕುವುದಿಲ್ಲ, ಆದರೂ ಮೊದಲ ವರ್ಷವೇ ಒಂದು ಕ್ವಿಂಟಲ್ ದಾಟಿತು. ಕೂಲಿ ಮಾಡುವ ಮನೆಯವರ ಡಬ್ಬಿಗಳೇ ಜಾಸ್ತಿ ತುಂಬಿದ್ದವು. ಒಂದು ಎಚ್ಚರಿಕೆ: ಅಕ್ಕಿಯನ್ನು ವಾರವಾರ ತಂದು ಒಟ್ಟಿಗೆ ಸುರಿಯಬೇಡಿ. ಸೋನಾ ಮಸೂರಿ, ರೇಷನ್ ಅಕ್ಕಿ, ಕುಸುಬಲಕ್ಕಿ ಬೆರೆತರೆ ಅನ್ನ ಒಂದು ಕಡೆ ಬೆಂದು ಒಂದು ಕಡೆ ಗಟ್ಟಿ ಉಳಿಯುತ್ತದೆ. ಮೂರು ಚೀಲ ಇಟ್ಟು ಬೇರೆ ಬೇರೆ ಹಾಕಿಸಿ.

ಡಿಸೆಂಬರ್‌ನ ಕಾಣಿಕೆಗೂ ಬ್ಯಾಪ್ಟಿಸ್ಟರಲ್ಲಿ ಒಂದು ಕಥೆ ಇದೆ. ಅದನ್ನು ಪ್ರತಿ ವರ್ಷ ಸ್ತ್ರೀಯರ ಕೂಟದಲ್ಲಿ ಹೇಳುತ್ತೇನೆ. ಲಾಟಿ ಮೂನ್ ಅಂತ ಒಬ್ಬರು ಅಮೆರಿಕದಿಂದ ಚೀನಾಕ್ಕೆ ಹೋಗಿ ಸೇವೆ ಮಾಡುತ್ತಿದ್ದರು. ತಮ್ಮ ಜೊತೆ ಕೆಲಸಕ್ಕೆ ಜನ ಬೇಕು, ಅದಕ್ಕೆ ಕ್ರಿಸ್‌ಮಸ್ ಸಮಯದಲ್ಲಿ ಕಾಣಿಕೆ ಎತ್ತಿ ಅಂತ ಊರಿನ ಹೆಂಗಸರಿಗೆ ಕಾಗದ ಬರೆದರು. 1888ರಲ್ಲಿ ಅವರು ಸೇರಿಸಿದ್ದು 3,315 ಡಾಲರ್. ಮೂವರನ್ನು ಕಳಿಸಲು ಅದು ಸಾಕಾಯಿತು. ಲಾಟಿ ಮೂನ್ ತೀರಿಕೊಂಡದ್ದು 1912ರ ಡಿಸೆಂಬರ್ 24ರಂದು, ಊರಿಗೆ ಮರಳುವ ದಾರಿಯಲ್ಲಿ, ಜಪಾನಿನ ಕೋಬೆ ಬಂದರಿನಲ್ಲಿ ಹಡಗು ನಿಂತಿದ್ದಾಗ. ಈ ಕಥೆಯಲ್ಲಿ ನನಗೆ ಇಷ್ಟವಾಗುವುದು ಆ ಕಾಗದ. ಇಂಥದ್ದು ಬೇಕು ಅಂತ ಅವರು ಸ್ಪಷ್ಟವಾಗಿ ಕೇಳಿದರು, ಕೇಳಿಸಿಕೊಳ್ಳುವವರು ಕೇಳಿಸಿಕೊಂಡರು.

ಹೊದಿಕೆ ವಿಷಯದಲ್ಲಿ ಎರಡು ವರ್ಷ ತಪ್ಪು ಮಾಡಿದೆವು. ಸಗಟು ಅಂಗಡಿಯಿಂದ ತೆಳು ಹೊದಿಕೆ ತಂದು ರೈಲ್ವೆ ಸ್ಟೇಷನ್, ಬಸ್ ಸ್ಟ್ಯಾಂಡ್ ಹತ್ತಿರ ಮಲಗುವವರಿಗೆ ಹೊದಿಸಿ ಬರುತ್ತಿದ್ದೆವು. ಮೊದಲ ಸಲ ಒಗೆದರೆ ಅವು ಮುದ್ದೆಯಾಗುತ್ತವೆ ಅಂತ ಗೊತ್ತಾದದ್ದು, ಹೊದ್ದವರೊಬ್ಬರನ್ನು ಕೇಳಿದ ಮೇಲೆ. "ಚಳಿ ಕೆಳಗಿನಿಂದ ಬರುತ್ತೆ ಅಮ್ಮಾ, ಮೇಲಿಂದಲ್ಲ," ಅಂದರು ಅವರು. ಸಿಮೆಂಟ್ ನೆಲದ ಮೇಲೆ ಒಂದು ರಾತ್ರಿ ಮಲಗಿದವರಿಗೇ ಗೊತ್ತು ಅದು.

ಆಮೇಲೆ ಚಿತ್ರದುರ್ಗ ದಾಟಿ ಚಳ್ಳಕೆರೆಗೆ ಹೋದೆವು. ಅಲ್ಲಿನ ಕುರಿ ಉಣ್ಣೆಯ ಕಂಬಳಿ ನಮ್ಮ ಕಡೆ ಎಲ್ಲರಿಗೂ ಗೊತ್ತು. ನೂಲಿಗೆ ಹುಣಸೆ ಬೀಜದ ಗಂಜಿ ಹಾಕಿ ಮಗ್ಗದಲ್ಲಿ ನೇಯುತ್ತಾರೆ. ಮೈಗೆ ಒರಟು, ಆದರೆ ಹಾಸಿದರೂ ಬೆಚ್ಚಗೆ, ಹೊದ್ದರೂ ಬೆಚ್ಚಗೆ, ವರ್ಷಗಟ್ಟಲೆ ಬಾಳಿಕೆ. ಬೆಲೆ ಜಾಸ್ತಿಯೇ. ಮೊದಲು 120 ತೆಳು ಹೊದಿಕೆ ತರುತ್ತಿದ್ದವರು ಈಗ 30 ಕಂಬಳಿ ತರುತ್ತೇವೆ. ಸಂಖ್ಯೆ ಕಡಿಮೆಯಾಯಿತು ಅಂತ ಗೊಣಗಿದವರಿದ್ದಾರೆ. ನನ್ನ ಅಭಿಪ್ರಾಯ ಸ್ಪಷ್ಟ: ಫೆಬ್ರವರಿಯಲ್ಲೂ ಅದೇ ಮನುಷ್ಯನ ಹೆಗಲ ಮೇಲೆ ಅದೇ ಕಂಬಳಿ ಕಂಡರೆ ಮಾತ್ರ ಕೊಟ್ಟ ಹಾಗೆ ಲೆಕ್ಕ. ಆಸ್ಪತ್ರೆಯ ಕಾರಿಡಾರ್‌ನವರಿಗೆ ಕಂಬಳಿ ಬೇಡ. ಅವರು ಕೇಳುವುದು ಚಾಪೆ. ಬೆಳಗ್ಗೆ ಗುಡಿಸುವವರು ಬಂದಾಗ ಸುತ್ತಿ ಎತ್ತಿಡಲು ಸುಲಭ.

ಇನ್ನು ಬಿಸಿನೀರು. ಹನ್ನೆರಡು ಫ್ಲಾಸ್ಕ್ ಕೊಂಡೆವು, ಎರಡೆರಡು ಲೀಟರಿನವು. ಮುಂಚೆಯೇ ನರ್ಸುಗಳ ಮುಖ್ಯಸ್ಥೆ ಮೇಟ್ರನ್ ಹತ್ತಿರ ಹೋಗಿ ಕೂತು ಮಾತಾಡಿದೆವು. ಯಾವ ಗೇಟು, ಎಷ್ಟು ಹೊತ್ತು, ಎಷ್ಟು ಜನ, ಎಲ್ಲಾ ಅವರೇ ಹೇಳಿದರು. ಎದುರಿನ ಹೋಟೆಲಿನವರು ಅಂಗಡಿ ಮುಚ್ಚುವ ಮೊದಲು ಒಂದು ದೊಡ್ಡ ಪಾತ್ರೆ ನೀರು ಕಾಯಿಸಿ ಕೊಡಲು ಒಪ್ಪಿದರು. ಗ್ಯಾಸಿನ ದುಡ್ಡು ಮಾತ್ರ ತೆಗೆದುಕೊಂಡರು. ಡಿಸೆಂಬರ್ 15ರಿಂದ ಜನವರಿ 1ರವರೆಗೆ ದಿನಾ ರಾತ್ರಿ ಒಂಬತ್ತಕ್ಕೆ ಇಬ್ಬರು ಹೋಗುವುದು. ಯಾರಿಗೆ ಬೇಕೋ ಅವರಿಗೆ ಫ್ಲಾಸ್ಕ್ ಕೊಟ್ಟು ಹೆಸರು, ವಾರ್ಡ್ ಬರೆದುಕೊಳ್ಳುವುದು, ಬೆಳಗ್ಗೆ ಆರಕ್ಕೆ ವಾಪಸ್ ತರುವುದು. ಅಷ್ಟೇ ಕೆಲಸ. ಯಾರಿಂದಲೂ ಅಡ್ವಾನ್ಸ್ ಇಸ್ಕೊಳ್ಳಲಿಲ್ಲ. ಮೊದಲ ವರ್ಷ ಮೂರು ಫ್ಲಾಸ್ಕ್ ಬರಲಿಲ್ಲ. ಡಿಸ್ಚಾರ್ಜ್ ಆದವರ ಜೊತೆ ಹಳ್ಳಿ ಸೇರಿರಬೇಕು. ನಾವು ಹುಡುಕಲು ಹೋಗಲಿಲ್ಲ.

ರಾತ್ರಿ ಹೋಗುವ ಕೆಲಸಕ್ಕೆ ನಮ್ಮ ಹುಡುಗರು ಮೊದಲು ಹಿಂಜರಿದಿದ್ದರು. ಒಂದು ವಾರ ಕಳೆದ ಮೇಲೆ ಸರದಿಗೆ ಪೈಪೋಟಿ. ಕಾರಿಡಾರ್‌ನಲ್ಲಿ ಕೂತು ಮಾತಾಡಿದ್ದು ಅವರ ಮನಸ್ಸಿಗೆ ಎಷ್ಟು ಇಳಿಯಿತು ಅಂದರೆ, ಮಕ್ಕಳ ನಾಟಕವನ್ನೇ ಬದಲಿಸಿದರು. ಲೂಕನ ಸುವಾರ್ತೆಯಲ್ಲಿ, ಬೆತ್ಲೆಹೇಮಿನ ಛತ್ರದಲ್ಲಿ ಜಾಗ ಸಿಗದೆ ಮರಿಯಳು ಮಗುವನ್ನು ಗೋದಲಿಯಲ್ಲಿ ಮಲಗಿಸಿದಳು ಅಂತ ಬರುತ್ತದಲ್ಲ. ಆ ದೃಶ್ಯದಲ್ಲಿ ನಮ್ಮ ಮಕ್ಕಳು ಥರ್ಮಾಕೋಲ್ ಬೆಟ್ಟ, ಮಿಂಚುವ ಕಾಗದ ಯಾವುದನ್ನೂ ಇಡಲಿಲ್ಲ. ವೇದಿಕೆ ಮೇಲೆ ನಾಲ್ಕು ಚಾಪೆ, ಒಂದು ಚೀಲ, ಒಂದು ಫ್ಲಾಸ್ಕ್. ನೋಡುತ್ತಿದ್ದ ಹಿರಿಯರು ಸುಮ್ಮನಾಗಿಬಿಟ್ಟರು. ಕೇಕ್ ಬೇಕು ಅಂದಿದ್ದ ಯಜಮಾನರೊಬ್ಬರು ಮರುದಿನವೇ ಎರಡು ಫ್ಲಾಸ್ಕ್ ತಂದುಕೊಟ್ಟರು.

ಕ್ಯಾರಲ್ಸ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಮೈಕ್ ಬಳಸುವುದಿದ್ದರೆ ಪೊಲೀಸ್ ಸ್ಟೇಷನ್‌ಗೆ ಮೊದಲೇ ಅರ್ಜಿ ಕೊಡಿ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವ ಹಾಗಿಲ್ಲ. ಆಸ್ಪತ್ರೆಯ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ನಾವು ಮೈಕೇ ಬಿಟ್ಟೆವು. ಒಂದು ಗಿಟಾರ್, ಒಂದು ದಪ್ಪು ಸಾಕು. ಒಂಬತ್ತೂವರೆಗೆ ಮುಗಿಸುತ್ತೇವೆ. ಮೊದಲು ಒಂದು ರಾತ್ರಿಗೆ ಇಪ್ಪತ್ತು ಮನೆ ಓಡುತ್ತಿದ್ದೆವು, ಈಗ ಏಳೇ ಮನೆ. ವಯಸ್ಸಾದವರ ಮನೆಯಲ್ಲಿ ಕೂತು ಚಹಾ ಕುಡಿದು ಬರುತ್ತೇವೆ. ಮಕ್ಕಳು ಬೆಂಗಳೂರು, ಪುಣೆ ಸೇರಿದ ಮೇಲೆ ಅವರ ಮನೆ ಬಾಗಿಲು ಬಡಿಯುವವರೇ ಕಡಿಮೆ, ಅಲ್ವಾ?

ಅಕ್ಕಪಕ್ಕದ ಮನೆಗಳಿಗೆ ಹಬ್ಬದ ತಿಂಡಿ ಕೊಡುವಾಗಲೂ ಕೇಳಿದ್ದು ಒಳ್ಳೆಯದಾಯಿತು. ನಮ್ಮ ಬೀದಿಯಲ್ಲಿ ಲಿಂಗಾಯತರ ಮನೆಗಳು ಜಾಸ್ತಿ. ಯುಗಾದಿಗೆ ಹೋಳಿಗೆ, ದೀಪಾವಳಿಗೆ ಕರ್ಜಿಕಾಯಿ ಅವರಿಂದ ತಪ್ಪದೆ ಬರುತ್ತದೆ. ನಾವು ಮಾತ್ರ ಪ್ರತಿ ವರ್ಷ ಮೊಟ್ಟೆ ಹಾಕಿದ ಕೇಕ್ ಕೊಟ್ಟು ಬರುತ್ತಿದ್ದೆವು. ಅವರು ನಗುತ್ತಾ ತೆಗೆದುಕೊಂಡು ಕೆಲಸದವರಿಗೆ ಕೊಡುತ್ತಿದ್ದರಂತೆ. ಪಕ್ಕದ ಮನೆ ಅಕ್ಕ ಸಂಕೋಚ ಬಿಟ್ಟು ಹೇಳಲು ಎಂಟು ವರ್ಷ ಬೇಕಾಯಿತು. ಈಗ ಕಲ್‌ಕಲ್, ಚಕ್ಕುಲಿ, ರವೆ ಉಂಡೆ ಮಾಡುತ್ತೇವೆ. ಅವರ ಅಡುಗೆಮನೆಯಲ್ಲೇ ಕೂತು ಒಟ್ಟಿಗೆ ಚಕ್ಕುಲಿ ಒತ್ತಿದ ವರ್ಷವೂ ಉಂಟು.

ಮಂಡಕ್ಕಿ ಭಟ್ಟಿಗಳ ಕಡೆ ಹೋದದ್ದು ಬೇರೆಯೇ ಕಥೆ. ದಾವಣಗೆರೆ ಮಂಡಕ್ಕಿ ತಿಂದವರೆಲ್ಲ ಆ ಹೊಗೆ, ಆ ಬಿಸಿ ಮರಳು ನೋಡಿರುವುದಿಲ್ಲ. ಅಲ್ಲಿನ ಹೆಂಗಸರನ್ನು ಏನು ಬೇಕು ಅಂತ ಕೇಳಿದೆವು. ಅಕ್ಕಿ ಅನ್ನಬಹುದು, ಬಟ್ಟೆ ಅನ್ನಬಹುದು ಅಂದುಕೊಂಡಿದ್ದೆ. "ನಮ್ಮ ಹುಡುಗಿ ಎಸ್ಸೆಸ್ಸೆಲ್ಸಿ. ಲೆಕ್ಕ ಹೇಳಿಕೊಡೋರು ಯಾರಾದ್ರೂ ಇದಾರಾ?" ಅಂದರು ಒಬ್ಬರು. ನಮ್ಮ ಸಭೆಯಲ್ಲಿ ಇಬ್ಬರು ಎಂಜಿನಿಯರಿಂಗ್ ಓದುವವರು, ಒಬ್ಬರು ನಿವೃತ್ತ ಗಣಿತ ಮೇಷ್ಟ್ರು ಇದ್ದರು. ಕ್ರಿಸ್‌ಮಸ್ ರಜೆಯಲ್ಲಿ ಶುರುವಾದ ಪಾಠ ಪರೀಕ್ಷೆವರೆಗೂ ನಡೆಯಿತು, ಅವರದೇ ಬೀದಿಯ ಒಂದು ಮನೆಯ ಜಗಲಿಯಲ್ಲಿ. ಮೊದಲ ದಿನ ನಾಲ್ಕು ಮಕ್ಕಳು, ಆಮೇಲೆ ಹದಿನಾರು. ನಮಾಜಿನ ಹೊತ್ತು ಬಿಟ್ಟು ಸಮಯ ಇಟ್ಟುಕೊಂಡೆವು. ಮಕ್ಕಳ ಫೋಟೋ ಯಾರೂ ತೆಗೆಯಲಿಲ್ಲ, ಅದೂ ನಮ್ಮ ನಿಯಮ. ಕೊಡುವಾಗ, ಕಲಿಸುವಾಗ ಮೊಬೈಲ್ ಜೇಬಿನಲ್ಲೇ ಇರಬೇಕು.

2021ರಿಂದ ಇನ್ನೊಂದು ಸಂಜೆ ಸೇರಿಕೊಂಡಿದೆ. ಆ ವರ್ಷ ಏಪ್ರಿಲ್, ಮೇ ತಿಂಗಳ ಕೊರೋನಾ ಎರಡನೇ ಅಲೆಯಲ್ಲಿ ನಮ್ಮ ಸಭೆಯ ನಾಲ್ಕು ಮನೆಯವರು ತಮ್ಮವರನ್ನು ಕಳೆದುಕೊಂಡರು. ಡಿಸೆಂಬರ್ ಬಂದಾಗ ಅವರು ಸಭೆಗೆ ಬರುವುದನ್ನೇ ನಿಲ್ಲಿಸಿದರು. ಒಬ್ಬ ತಂಗಿಯನ್ನು ಕೇಳಿದೆ. "ಎಲ್ಲರೂ ಹ್ಯಾಪಿ ಕ್ರಿಸ್‌ಮಸ್ ಅಂತಾರೆ ಅಕ್ಕಾ. ಏನು ಹೇಳಬೇಕು ಗೊತ್ತಾಗಲ್ಲ," ಅಂದಳು. ಅದಕ್ಕೇ ಡಿಸೆಂಬರ್ 21ರಂದು, ವರ್ಷದ ಅತಿ ಉದ್ದದ ರಾತ್ರಿಗಳ ಹೊತ್ತಿಗೆ, ದುಃಖದಲ್ಲಿರುವವರಿಗಾಗಿ ಒಂದು ಕೂಟ ಇಡುತ್ತೇವೆ. ನಕ್ಷತ್ರದ ದೀಪ ಹಚ್ಚುವುದಿಲ್ಲ, ಕ್ರಿಸ್‌ಮಸ್ ತಾತ ಇಲ್ಲ, ಬೋಧನೆಯೂ ಇಲ್ಲ. ಬೈಬಲಿನ ಒಂದು ಕೀರ್ತನೆ ಓದುತ್ತೇವೆ. ಬೇಕಾದವರು ಮೇಣದಬತ್ತಿ ಹಚ್ಚಿ ಹೋದವರ ಹೆಸರು ಹೇಳುತ್ತಾರೆ. ಅಳುವವರನ್ನು ಯಾರೂ ಸಮಾಧಾನ ಮಾಡಲು ಹೋಗಬಾರದು ಅಂತ ಮೊದಲೇ ಹೇಳಿಟ್ಟಿರುತ್ತೇನೆ. ಕೊನೆಗೆ ಮಂಡಕ್ಕಿ ಉಸ್ಲಿ, ಚಹಾ. ಬೇರೆ ಮತದ ನೆರೆಹೊರೆಯವರೂ ಬಂದು ಕೂರುತ್ತಾರೆ. ವರ್ಷದ ಎಲ್ಲಾ ಕೆಲಸಗಳಲ್ಲಿ ನನಗೆ ಇದೇ ಮುಖ್ಯ ಅನ್ನಿಸುತ್ತದೆ. ಇದಕ್ಕೆ ಖರ್ಚೂ ಏನೂ ಇಲ್ಲ.

ಜನವರಿ ಮೊದಲ ಭಾನುವಾರ ಆರಾಧನೆ ಮುಗಿದ ಮೇಲೆ ಲೆಕ್ಕ ಓದುತ್ತೇನೆ. ಅಕ್ಕಿ ಎಷ್ಟು ಬಂತು, ಯಾವ ಯಾವ ಮನೆಗೆ ಎಷ್ಟೆಷ್ಟು ಕೆಜಿ ಹೋಯಿತು. ಪಡೆದವರ ಹೆಸರು ಓದುವುದಿಲ್ಲ, ಬೀದಿಯ ಹೆಸರು ಮಾತ್ರ. ಉಳಿದ ದುಡ್ಡು ಪೈಸೆ ಸಮೇತ ಬೋರ್ಡಿನ ಮೇಲೆ ಬರೆಯುತ್ತೇವೆ.

ಫ್ಲಾಸ್ಕ್‌ಗಳನ್ನು ಮುಂದಿನ ಡಿಸೆಂಬರ್‌ಗೆ ಅಂತ ಬೀರುವಿನಲ್ಲಿ ಇಟ್ಟಿದ್ದೆ. ಹೋದ ವರ್ಷ ಫೆಬ್ರವರಿಯಲ್ಲಿ ಆ ನರ್ಸಮ್ಮ, ಕೇಕ್ ತಡೆದಿದ್ದವರೇ, ಫೋನ್ ಮಾಡಿದರು. "ಚಳಿ ಹೋಯ್ತು ಅಂತ ನಿಲ್ಲಿಸಿಬಿಟ್ರಾ? ಇಲ್ಲಿ ಬಾಣಂತಿಯರು ದಿನಾ ಬರ್ತಾರೆ," ಅಂದರು. ಈಗ ಬೀರುವಿನ ಬೀಗದ ಕೈ ಯೌವನಸ್ಥರ ಕೂಟದ ಹುಡುಗರ ಹತ್ತಿರ ಇದೆ. ಮಂಗಳವಾರ, ಶುಕ್ರವಾರ ರಾತ್ರಿ ಅವರ ಪಾಳಿ.